ಮಲಗಿದವರ ನಡುವಣ ಬೆಂಕಿ

ಅಮೆರಿಕಾ ದೇಶದಲ್ಲಿ ನೆಲೆಸಿರುವ ನಮ್ಮ ಕನ್ನಡ ಸಂಸಾರಗಳಲ್ಲಿ ಕೆಲವರು ರಜದ ದಿನಗಳಲ್ಲಿ ಗಾಲಿಗಳ ಮೇಲಣ ಮನೆಯೊಂದನ್ನು ಮೋಟಾರಿನ ಬೆನ್ನಿಗೆ ಕಟ್ಟಿಕೊಂಡು ಕಾಡುಬೆಟ್ಟಗಳ ಕಡೆಗೆ ಹೊರಡುವುದುಂಟು. ಅದಕ್ಕೆ ಆ ಸೀಮೆಯಲ್ಲಿ ಟ್ರಾವೆಲ್ ಟ್ರೇಲರ್ ಎಂದು ಹೆಸರು. ಒಳಗೆ ಮಂಚ, ಅಡುಗೆಯ ಕಟ್ಟೆ, ನೀರಿನ ತೊಟ್ಟಿ ಎಲ್ಲವೂ ಇಕ್ಕಟ್ಟಾಗಿಯಾದರೂ ಅಚ್ಚುಕಟ್ಟಾಗಿ ಇರುತ್ತವೆ. ಹಿಮ ಬೀಳುವ ನಾಡಾದುದರಿಂದ ಮನೆಯನ್ನು ಬೆಚ್ಚಗಿಡುವುದಕ್ಕಾಗಿ ಫರ್ನೇಸ್ ಎಂಬ ಒಲೆಯೊಂದನ್ನೂ ನೆಲದ ಮಟ್ಟಕ್ಕೆ ಹುದುಗಿಸಿರುತ್ತಾರೆ. ಅದು ಉರಿಯುವುದು ನಮ್ಮ ಅಡುಗೆಮನೆಗಳಿಗೆ ಸಿಲಿಂಡರಿನಲ್ಲಿ ಬರುವ ಜಾತಿಯ ಅನಿಲದಿಂದಲೆ. ಹಳೆಯ ಕಾಲದ ಒಲೆಗಳಲ್ಲಿ ದೊಡ್ಡ ಉರಿಯ ಪಕ್ಕದಲ್ಲಿ ಒಂದು ಕಿರುಜ್ವಾಲೆ ಹಗಲಿರುಳೂ ಉರಿಯುತ್ತಿರುತ್ತದೆ. ಮನೆ ತಣ್ಣಗಾದಾಗ ದೊಡ್ಡ ಕವಾಟ ತಾನಾಗಿ ತೆರೆದು, ಹರಿದು ಬಂದ ಅನಿಲ ಈ ಕಿರುಜ್ವಾಲೆಯಿಂದ ಹೊತ್ತಿಕೊಳ್ಳುತ್ತದೆ; ಬೆಚ್ಚಗಾದಾಗ ದೊಡ್ಡ ಉರಿ ಆರುತ್ತದೆ, ಕಿರಿಯದು ಉಳಿಯುತ್ತದೆ. ಹಡಗನ್ನು ಬಂದರಿನೊಳಕ್ಕೆ ದಾರಿ ತೋರಿಸಿ ಕರೆತರುವವನ ಹೆಸರನ್ನೆ ಇಂಗ್ಲಿಷಿನವರು ಈ ಜ್ವಾಲೆಗೂ ಇಟ್ಟು ಪೈಲಟ್ ಎಂದು ಕರೆದಿದ್ದಾರೆ.

ನನ್ನಲ್ಲಿ ಓದಿ ಈಗ ಆ ದೇಶದಲ್ಲಿ ಉದ್ಯೋಗದಲ್ಲಿರುವ ಶಿಷ್ಯನೊಬ್ಬನು ಇಂಥ ಹಳೆಯ ಟ್ರೇಲರೊಂದನ್ನು ಕೊಂಡನು. ಅದರ ಪೈಲಟ್ ಹೊತ್ತಿಸಿದರೆ ಹೊತ್ತುತ್ತದೆ, ಕೈ ಬಿಟ್ಟರೆ ಆರುತ್ತದೆ. ತಂಗುದಾಣದಲ್ಲಿ ಸಿಕ್ಕಿದ ಅನುಭವಸ್ಥನೊಬ್ಬನು, ಜ್ವಾಲೆ ಆರಿದಾಗ ಅನಿಲವನ್ನು ತಡೆಯುವ ಕವಾಟ ಮುಚ್ಚಿಕೊಳ್ಳದಂತೆಯೆ ಮಾಡಿಬಿಡುವ ಉಪಾಯವೊಂದುಂಟೆಂದು ಅವನಿಗೆ ಹೇಳಿದನಂತೆ. ಹುಡುಗ ಕಾಗದ ಬರೆದು ಕೇಳಿದ್ದು ಇದು: “ಮೇಷ್ಟ್ರೆ, ತಾವು ಎಲ್ಲದರಲ್ಲಿಯೂ ಧರ್ಮಸೂಕ್ಷ್ಮವನ್ನು ಹುಡುಕುವವರು. ಇದರಲ್ಲಿ ಅಂಥದೇನಾದರೂ ಉಂಟೆ? ಮನೆ ನನ್ನದು, ಒಲೆ ನನ್ನದು, ಅಪಾಯವಾದರೆ ಅದೂ ನನ್ನದೆ.” ಅವನು ಅರೆ ವಿನೋದದಿಂದ ಕೇಳಿದ್ದರೂ ಪ್ರಶ್ನೆ ವಿನೋದದ್ದಲ್ಲ. ಆ ಗಾಲಿಮನೆಯಲ್ಲಿ ಅವನ ಹೆಂಡತಿ, ಎರಡು ಮಕ್ಕಳು, ಅತ್ತೆ ಇವರೂ ಮಲಗುತ್ತಾರೆ. ಅದನ್ನು ಅವನು ಕಾಗದದ ಮೊದಲಲ್ಲಿ ಕುಶಲಸಮಾಚಾರವಾಗಿ ಬರೆದಿದ್ದನೇ ಹೊರತು, ಪ್ರಶ್ನೆಯ ಭಾಗವಾಗಿ ಬರೆದಿರಲಿಲ್ಲ.

ಆ ಕವಾಟದ ಮರ್ಮವನ್ನು ತಿಳಿಯದೆ ಇದನ್ನು ವಿಚಾರಿಸಲಾಗದು. ಕಿರುಜ್ವಾಲೆಯ ಒಡಲಿನಲ್ಲಿ ಥರ್ಮೋಕಪಲ್ ಎಂಬ ಸಣ್ಣದೊಂದು ಲೋಹದ ಕಡ್ಡಿ ನಿಂತಿರುತ್ತದೆ. ಭಿನ್ನವಾದ ಎರಡು ಲೋಹಗಳನ್ನು ತುದಿಯಲ್ಲಿ ಬೆಸೆದು ಆ ಬೆಸುಗೆಯನ್ನು ಕಾಯಿಸಿದರೆ ವಿದ್ಯುತ್ತು ಹುಟ್ಟುತ್ತದೆ. ಜೀಬೆಕ್ ಎಂಬ ಜರ್ಮನ್ ಪಂಡಿತನು 1821ರಲ್ಲಿ ಕಂಡುಕೊಂಡ ತತ್ತ್ವದ ಫಲ ಇದು. ಹುಟ್ಟುವ ವಿದ್ಯುತ್ತು ಎಷ್ಟು ಅಲ್ಪವೆಂದರೆ, ಟಾರ್ಚಿನ ಒಂದು ಸೆಲ್ಲಿನಲ್ಲಿರುವ 1.5 ವೋಲ್ಟಿನ ಐವತ್ತರಲ್ಲೊಂದು ಪಾಲಿನಷ್ಟು. ಕವಾಟವನ್ನು ತೆರೆಯಲು ಅದಕ್ಕೆ ಬಲ ಸಾಲದು. ತೆರೆದಿರುವುದನ್ನು ಹಿಡಿದು ನಿಲ್ಲಿಸಲು ಮಾತ್ರ ಸಾಕು. ಆದುದರಿಂದಲೆ ಹೊತ್ತಿಸುವವನು ಗುಂಡಿಯನ್ನು ತನ್ನ ಬೆರಳಿನಿಂದ ಒತ್ತಿ ಕವಾಟವನ್ನು ತೆರೆದು, ಕಡ್ಡಿ ಗೀರಿ ಜ್ವಾಲೆಯನ್ನು ಹೊತ್ತಿಸಿ, ಲೋಹ ಕಾಯುವವರೆಗೆ ಅರ್ಧ ನಿಮಿಷವೋ ಒಂದು ನಿಮಿಷವೋ ಬೆರಳನ್ನು ತೆಗೆಯದೆ ಕುಳಿತಿರಬೇಕು. ಆಮೇಲೆ ಮೆಲ್ಲನೆ ಬಿಟ್ಟರೆ ಜ್ವಾಲೆ ತನ್ನ ಕಾವಿನಿಂದ ತನಗೆ ಬೇಕಾದ ಅನಿಲದ ಬಾಗಿಲನ್ನು ತಾನೇ ತೆರೆದಿಟ್ಟುಕೊಳ್ಳುತ್ತದೆ. ಗಾಳಿಗೆ ಆರಿಹೋಯಿತೋ, ಲೋಹ ತಣಿಯುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಆಗ ಮತ್ತೆ ಹೊತ್ತಿಸುವ ಮುನ್ನ ಗುಂಡಿಯನ್ನು ಪೂರ್ತಿಯಾಗಿ ಮುಚ್ಚಿ, ಐದು ನಿಮಿಷ ಸುಮ್ಮನೆ ಕಾಯಬೇಕು. ಈ ಅನಿಲ ಗಾಳಿಗಿಂತ ಭಾರ. ಮೇಲೇರಿ ಚದುರುವುದಿಲ್ಲ, ನೀರಿನಂತೆ ನೆಲದಲ್ಲಿ ತಂಗುತ್ತದೆ. ಸ್ವತಃ ಅದಕ್ಕೆ ವಾಸನೆಯೂ ಇಲ್ಲ. ಜನರಿಗೆ ಗೊತ್ತಾಗಲೆಂದು ಮಾರುವವರು ಬೆರೆಸಿದ ದುರ್ಗಂಧವೆ ನಾವು ಅಡುಗೆಮನೆಯಲ್ಲಿ ಗುರುತಿಸುವ ವಾಸನೆ. ಆದುದರಿಂದ ನೆಲದ ಹತ್ತಿರ ಮೂಗಿಟ್ಟು ನೋಡಿ ಆಮೇಲೆ ಕಡ್ಡಿ ಗೀರಬೇಕು.

ಈ ವಿಧಿಯನ್ನು ಓದಿದಾಗ ನನಗೆ ಪಾಠಶಾಲೆಯಲ್ಲಿ ಕಲಿತ ಶ್ರೌತಪ್ರಯೋಗದ ಅಗ್ನಿಶಾಲೆ ನೆನಪಿಗೆ ಬಂದಿತು. ಆಹಿತಾಗ್ನಿಯ ಮನೆಯಲ್ಲಿ ಗಾರ್ಹಪತ್ಯವು ದುಂಡನೆಯ ಕುಂಡದಲ್ಲಿ ಸದಾ ಉಳಿದಿರುವ ಅಗ್ನಿ. ಹೋಮ ನಡೆಯುವ ಆಹವನೀಯವು ಚೌಕನೆಯ ಕುಂಡದ್ದು. ಹೋಮದ ಹೊತ್ತಿಗೆ ಗಾರ್ಹಪತ್ಯದಿಂದ ಬೆಂಕಿಯನ್ನು ತೆಗೆದು ಆಹವನೀಯಕ್ಕೆ ಒಯ್ಯುತ್ತಾರೆ. ಹವಿಸ್ಸು ಬೀಳುವುದು ದೊಡ್ಡ ಕುಂಡದಲ್ಲಿ, ಆರದಂತೆ ಕಾಯುವುದು ಮನೆಯ ಕುಂಡವನ್ನು. ಆಹವನೀಯ ಆರಿದರೆ ಗಾರ್ಹಪತ್ಯದಿಂದ ಮತ್ತೆ ತರಬಹುದು. ಗಾರ್ಹಪತ್ಯವೆ ಆರಿದರೆ ಪ್ರಾಯಶ್ಚಿತ್ತ ಮಾಡಿಕೊಂಡು ಅರಣಿಯನ್ನು ಕಡೆದು ಮೊದಲಿನಿಂದ ಹುಟ್ಟಿಸಬೇಕು. ಇನ್ನು ಯಜಮಾನನೂ ಪತ್ನಿಯೂ ಕೂಡಿ ಊರು ಬಿಡಬೇಕಾದರೆ ಬೆಂಕಿಯನ್ನು ಬಂಡಿಯಲ್ಲಿ ಉರಿಸಿಕೊಂಡು ಹೋಗುವುದಿಲ್ಲ. ಅರಣಿಗಳನ್ನು ಅಗ್ನಿಯ ಮೇಲೆ ಕಾಯಿಸಿ, ಅಗ್ನಿ ಅವುಗಳೊಳಗೆ ಏರಿದನೆಂದು ಭಾವಿಸಿ, ತಂಗಿದ ಎಡೆಯಲ್ಲಿ ಮತ್ತೆ ಕಡೆಯುತ್ತಾರೆ. ಇದಕ್ಕೆ ಸಮಾರೋಪಣವೆಂದು ಹೆಸರು. ಗಾಲಿಮನೆಯವರಿಗೂ ದಾರಿಯಲ್ಲಿ ಪೈಲಟನ್ನು ಆರಿಸಿ ಸಿಲಿಂಡರನ್ನು ಮುಚ್ಚಿ ಹೊರಡಬೇಕೆಂದೂ, ಪೆಟ್ರೋಲು ತುಂಬಿಸುವ ಎಡೆಯಲ್ಲಂತೂ ಯಾವ ಜ್ವಾಲೆಯೂ ಇರಬಾರದೆಂದೂ ಹೇಳುತ್ತಾರೆ. ಎರಡಕ್ಕೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ನಮ್ಮವರೆ ಎಲ್ಲವನ್ನೂ ಮೊದಲು ಕಂಡುಹಿಡಿದರೆಂಬ ಹೆಮ್ಮೆಯ ಮಾತುಗಳಲ್ಲಿ ನನಗೆ ರುಚಿಯಿಲ್ಲ. ಮನೆಯೊಳಗೆ ಬೆಂಕಿಯನ್ನು ಇಟ್ಟುಕೊಂಡವನಿಗೆ ಎಲ್ಲಿಯಾದರೂ ಒಂದೇ ಬಗೆಯ ತೊಡಕುಗಳು ಎದುರಾಗುತ್ತವೆ, ಅಷ್ಟೆ.

ಕಾಯುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬಹುದೆ? ಶಿಷ್ಯನ ಪ್ರಶ್ನೆಗೆ ಇದು ಹತ್ತಿರದ ಪ್ರಶ್ನೆ. ಒಪ್ಪಿಸಬಹುದೆಂಬುದಕ್ಕೆ ನಮ್ಮ ದೇವಾಲಯಗಳೆ ಸಾಕ್ಷಿ. ನಂದು ಎಂಬ ಕನ್ನಡ ಧಾತುವಿಗೆ ಆರುವುದೆಂದು ಅರ್ಥ. ನಂದದೆ ಇರುವ ದೀಪವೆ ನಂದಾದೀಪ, ಶಾಸನಗಳಲ್ಲಿ ನಂದಾದೀವಿಗೆ. ನಮ್ಮ ಊರಿನ ಹೆಸರಾದ ನಂದಿ ಸಂಸ್ಕೃತದಲ್ಲಿ ಆನಂದಪಡಿಸುವವನಾದರೂ ಕನ್ನಡದ ಕಿವಿಗೆ ‘ಆರಿಹೋಗಿ’ ಎಂಬಂತೆಯೂ ಕೇಳಿಸುವುದು ಒಂದು ಚೋದ್ಯ. ಇಲ್ಲಿಯ ಭೋಗನಂದೀಶ್ವರನ ಗುಡಿ 9ನೆಯ ಶತಮಾನದ ಆರಂಭದಷ್ಟು ಹಳೆಯದು. ಈ ಸೀಮೆಯ ಶಾಸನಗಳನ್ನು ರೈಸ್ ಸಾಹೇಬರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಚೋಳರ ಆಳ್ವಿಕೆ ನಮ್ಮ ಕಡೆಗೂ ಹಬ್ಬಿತ್ತೆಂಬುದು ಕೋಲಾರಮ್ಮನ ಗುಡಿಯ ಶಾಸನಗಳನ್ನು ನೋಡಿದವರಿಗೆ ಗೊತ್ತು. ಆ ಚೋಳರು ತಂಜಾವೂರಿನಲ್ಲಿ ಮಾಡಿದ ಒಂದು ಏರ್ಪಾಡು ವಿಚಾರಕ್ಕೆ ಯೋಗ್ಯವಾಗಿದೆ. ಒಂದು ನಂದಾದೀಪಕ್ಕೆ 96 ಕುರಿಗಳನ್ನು ಬಿಡುತ್ತಿದ್ದರು. ಅವನ್ನು ಪಡೆದ ಕುರುಬನು ದಿನಕ್ಕೆ ಒಂದು ಉಳಕ್ಕು ತುಪ್ಪವನ್ನು ಗುಡಿಗೆ ಅಳೆಯಬೇಕು. ಆ ಕುರಿಗಳಿಗೆ ‘ಸಾಯದ, ಮುಪ್ಪಾಗದ’ ಕುರಿಗಳೆಂದು ವಿಶೇಷಣ. ಕುರಿಗಳು ಸಾಯುತ್ತಿರಲಿಲ್ಲವೆಂದಲ್ಲ, ಸತ್ತವುಗಳ ಸ್ಥಾನಕ್ಕೆ ಹುಟ್ಟಿದವುಗಳನ್ನು ಸೇರಿಸಿ ಲೆಕ್ಕವನ್ನು ಸರಿಯಾಗಿಡುವ ಹೊಣೆ ಕುರುಬನದು. ರಾಜನು ಗರ್ಭಗೃಹದಲ್ಲಿ ಕುಳಿತು ಬತ್ತಿಯನ್ನು ಮುಂದಕ್ಕೆ ಚಾಚುತ್ತಿರಲಿಲ್ಲ. ದಾನ ರಾಜನದು, ಕಾವಲು ಕುರುಬನದು, ಬತ್ತಿ ಅರ್ಚಕನದು. ಇದರಿಂದ ಯಾರ ಧರ್ಮಕ್ಕೂ ಲೋಪ ಬರಲಿಲ್ಲ.

ಹಾಗಾದರೆ ಕಾವಲನ್ನು ಯಂತ್ರಕ್ಕೆ ಒಪ್ಪಿಸುವುದರಲ್ಲಿಯೂ ದೋಷವಿಲ್ಲ. ರಾತ್ರಿಯೆಲ್ಲ ಕುಳಿತು ಜ್ವಾಲೆಯನ್ನು ನೋಡುವುದು ಮನುಷ್ಯನಿಗೆ ಅಶಕ್ಯ. ಮೂರು ಗಂಟೆಯ ಹೊತ್ತಿಗೆ ಎಂಥ ದೃಢಮನಸ್ಕನ ರೆಪ್ಪೆಯೂ ಮುಚ್ಚುತ್ತದೆ. ಲೋಹದ ಕಡ್ಡಿ ಮಲಗುವುದಿಲ್ಲ. ಅದು ಹೇಳುವುದು ಒಂದೇ ಮಾತು: ಜ್ವಾಲೆ ಇದೆ, ಅಥವಾ ಇಲ್ಲ. ಆ ಒಂದು ಮಾತಿನ ಮೇಲೆ ನಂಬಿಕೆಯಿಟ್ಟು ಮನೆಯವರೆಲ್ಲ ಮಲಗುತ್ತಾರೆ. ವ್ಯವಹಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅದು ಸಾಕ್ಷಿ.

ಈಗ ಶಿಷ್ಯನಿಗೆ ಹೇಳಿಕೊಟ್ಟ ಉಪಾಯವನ್ನು ನೋಡೋಣ. ಆ ಉಪಾಯದಿಂದ ಕಾವಲು ಇಲ್ಲವಾಗುತ್ತದೆ, ಆದರೆ ಕಾವಲಿನ ವೇಷ ಉಳಿಯುತ್ತದೆ. ಗುಂಡಿ ಇದ್ದಲ್ಲಿಯೆ ಇದೆ, ಕಡ್ಡಿ ನಿಂತಲ್ಲಿಯೆ ನಿಂತಿದೆ, ಕವಾಟ ತೆರೆದಿದೆ; ಮಲಗುವವರು ನೋಡಿದರೆ ಜ್ವಾಲೆ ಇದೆಯೆಂದೆ ಅರ್ಥ ಮಾಡಿಕೊಳ್ಳುತ್ತಾರೆ. ಜ್ವಾಲೆ ಆರಿದ ಮೇಲೂ ಕವಾಟ ‘ಇದೆ’ ಎಂದು ಹೇಳುತ್ತಿರುತ್ತದೆ. ಚಳಿ ಹೆಚ್ಚಿದಂತೆ ದೊಡ್ಡ ಕವಾಟವೂ ತೆರೆದು, ಹೊತ್ತದ ಅನಿಲ ಸುರಿಯತೊಡಗುತ್ತದೆ. ಕಂಡಿಲ್ಲದುದನ್ನು ಕಂಡೆನೆಂದು ಹೇಳುವವನಿಗೆ ಸ್ಮೃತಿಕಾರರು ಕೂಟಸಾಕ್ಷಿ ಎಂದು ಹೆಸರಿಟ್ಟು ಘೋರವಾದ ಪಾಪವನ್ನು ಹೇಳಿದ್ದಾರೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದ ದೊಡ್ಡ ಭಾಗ ಸಾಕ್ಷಿಗಳ ವಿಚಾರಕ್ಕೇ ಮೀಸಲು. ಜಡವಾದ ಲೋಹಕ್ಕೆ ಪಾಪವೆಲ್ಲಿಯದು ಎಂದರೆ, ಲೋಹಕ್ಕಿಲ್ಲ. ಅದನ್ನು ಹಾಗೆ ಹೇಳಿಸಿದವನಿಗೆ ಉಂಟು. ಆದುದರಿಂದ ನನ್ನ ಶಿಷ್ಯನು ಇದನ್ನು ಕೇವಲ ಸಾಹಸವೆಂದು ಎಣಿಸಿದ್ದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕಾವಲೇ ಇಲ್ಲದ ಒಲೆಯನ್ನು ಇಟ್ಟುಕೊಂಡು, ಇಲ್ಲವೆಂದು ಎಲ್ಲರಿಗೂ ತಿಳಿಸಿ, ಸರದಿಯ ಮೇಲೆ ಎಚ್ಚರವಿರುವುದು ಸಾಹಸ. ಕಾವಲಿದೆಯೆಂದು ತೋರಿಸಿ ಕಾವಲನ್ನು ತೆಗೆದುಬಿಡುವುದು ಅನೃತ. ಮಾತಾಡದೆಯೆ ಹೇಳಿದ ಸುಳ್ಳಿಗೂ ಮಾತಿನಲ್ಲಿ ಹೇಳಿದ ಸುಳ್ಳಿಗೂ ಫಲದಲ್ಲಿ ಭೇದವಿಲ್ಲ.

ಇಲ್ಲಿ ತಾರ್ಕಿಕರು ಒಂದು ಆಕ್ಷೇಪವನ್ನೆತ್ತಬಹುದು: ಅಪಾಯವಾದರೆ ಗೊತ್ತಾಗುವುದಿಲ್ಲವೆ, ಎದ್ದು ಬಾಗಿಲು ತೆರೆದರಾಯಿತಲ್ಲವೆ? ತರ್ಕಸಂಗ್ರಹವನ್ನು ಹಿಡಿದ ಹುಡುಗನು ಮೊದಲು ಕಲಿಯುವ ಅನುಮಾನ ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವುದು. ನಮ್ಮ ಹುಡುಗರಿಗೆ ಇದನ್ನು ಕಲಿಸುವಾಗ ಕಿಟಕಿಯಿಂದ ನಂದಿಬೆಟ್ಟವನ್ನು ತೋರಿಸುತ್ತಿದ್ದೆ. ಮಾರ್ಗಶಿರದ ಬೆಳಗಿನಲ್ಲಿ ಅಲ್ಲಿ ಕಾಣುವುದು ಮಂಜೊ ಹೊಗೆಯೊ ಎಂಬ ಚರ್ಚೆಯಲ್ಲಿಯೆ ಪಾಠದ ಹೊತ್ತು ಮುಗಿಯುತ್ತಿತ್ತು. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಬೇಕಾದುದಿಲ್ಲ. ಇದಕ್ಕೆ ಶಾಸ್ತ್ರದಲ್ಲಿ ಕೊಡುವ ದೃಷ್ಟಾಂತ ಕಾದ ಕಬ್ಬಿಣದ ಗುಂಡು. ಹೊಗೆಗೆ ಹಸಿಯ ಸೌದೆಯ ಸಂಯೋಗ ಬೇಕು. ಅದಿಲ್ಲದ ಬೆಂಕಿ ಸದ್ದಿಲ್ಲದೆ ಸುಡುತ್ತದೆ. ನಮ್ಮ ಹಿರಿಯರ ಮನೆಗಳಲ್ಲಿ ಹೊಗೆ ಕಣ್ಣನ್ನು ಉರಿಸಿತು, ಗೋಡೆಯನ್ನು ಕಪ್ಪಾಗಿಸಿತು, ಹೆಂಗಸರ ಎದೆಯನ್ನು ಕೆಡಿಸಿತು. ಆದರೂ ಅದು ಮಲಗಿದವನನ್ನು ಕೆಮ್ಮಿಸಿ ಎಬ್ಬಿಸುತ್ತಿದ್ದಿತು. ಅನಿಲದ ಒಲೆಗೆ ಹೊಗೆಯಿಲ್ಲ. ಗಾಳಿ ಸಾಲದೆ ಅರೆಬರೆಯಾಗಿ ಉರಿದಾಗ ಅದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮಿಸುವ ಕಟುತ್ವವೂ ಇಲ್ಲ. ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಅದು ಹಿಡಿದುಕೊಳ್ಳುತ್ತದೆ. ಎಚ್ಚರವಿದ್ದವನಿಗೆ ತಲೆನೋವು, ತಲೆ ಸುತ್ತು ಬಂದು ಒಂದಿಷ್ಟು ಸೂಚನೆ ಸಿಕ್ಕೀತು. ಮಲಗಿದವನಿಗೆ ಅದೂ ಇಲ್ಲ, ನಿದ್ರೆ ಗಾಢವಾಗುತ್ತದೆ. ಸುಸ್ಥಿತಿಯಲ್ಲಿರುವ ಟ್ರೇಲರಿನ ಒಲೆ ಹೊರಗಿನ ಗಾಳಿಯನ್ನೆ ಸೆಳೆದು ಹೊರಕ್ಕೇ ಬಿಡುತ್ತದೆಂಬುದು ನಿಜ. ಆದರೆ ಹಳೆಯ ಒಲೆಯ ಒಳತಗಡು ಬಿರಿದಿದ್ದರೆ ಆ ವ್ಯವಸ್ಥೆಯೂ ಮುರಿಯುತ್ತದೆ.

ಇದೆಲ್ಲ ದೂರದೇಶದ ಮಾತೆಂದು ವಾಚಕರು ಪುಟ ತಿರುಗಿಸಬಾರದು. ಬೆಂಗಳೂರಿನಂಥ ಪಟ್ಟಣಗಳಲ್ಲಿ ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರನ್ನು ಉರಿಸಿ ಸ್ನಾನಕ್ಕೆ ಹೋದವರು ಹೊರಕ್ಕೆ ಬಾರದೆ ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಇನ್ನು ನಮ್ಮ ಶಿಡ್ಲಘಟ್ಟ, ಚಿಂತಾಮಣಿಯ ಕಡೆಯ ರೇಷ್ಮೆಯ ಮನೆಗಳು. ಚಾಕಿ ಹುಳುಗಳಿಗೆ 27 ಅಥವಾ 28 ಡಿಗ್ರಿ ಸೆಂಟಿಗ್ರೇಡಿನ ಕಾವು ಬೇಕು. ಪುಷ್ಯಮಾಸದ ರಾತ್ರಿಯಲ್ಲಿ ನಮ್ಮ ಸೀಮೆಯ ಚಳಿ ಅದರ ಅರ್ಧಕ್ಕೆ ಇಳಿಯುವುದುಂಟು. ಜ್ವರಕ್ಕೆ ಕುಳಿತ ಹುಳುವಿಗೆ ಚಳಿ ತಗುಲಿದರೆ ಬೆಳೆ ಕೆಡುತ್ತದೆ. ವಿದ್ಯುತ್ತು ಕೈಕೊಟ್ಟಾಗ ರೈತನು ಇದ್ದಿಲನ್ನು ಅಗ್ಗಿಷ್ಟಿಕೆಯಲ್ಲಿಟ್ಟು, ಅಂಗಳದಲ್ಲಿಯೆ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಎಂದ ಮೇಲೆ ಒಳಕ್ಕೆ ತರುತ್ತಾನೆ. ಹೊಗೆ ಹುಳುವಿಗೆ ಆಗದೆಂದು ಅವನಿಗೆ ಗೊತ್ತು. ಹೊಗೆಯಿಲ್ಲದ ಕೆಂಡವೂ ಆ ವಿಷವಾಯುವನ್ನು ಬಿಡುತ್ತಿರುತ್ತದೆಂಬುದು ಎಲ್ಲರಿಗೂ ಗೊತ್ತಿಲ್ಲ. ಇರುವ ಒಂದೇ ಅಂಕಣದಲ್ಲಿ ತಟ್ಟೆಗಳ ಪಕ್ಕದಲ್ಲಿಯೆ ಮನೆಯವರೂ ಮಲಗುವ ಬಡಸಂಸಾರಗಳಲ್ಲಿ ಚಳಿಗಾಗಿ ಗವಾಕ್ಷಿಗೂ ಗೋಣಿಯನ್ನು ತುರುಕಿದರೆಂದರೆ ಉಳಿದುದನ್ನು ಊಹಿಸಬಹುದು. ಅಂಥ ರೈತನನ್ನು ನಾನು ದೂಷಿಸಲಾರೆ. ಅವನು ತಿಳಿಯದೆ ಮಾಡುತ್ತಾನೆ. ಸಾಲದ ಭಯದಲ್ಲಿ ಮಾಡುತ್ತಾನೆ. ತಿಳಿದವನು ಸೌಕರ್ಯಕ್ಕಾಗಿ ಮಾಡುವುದು ಬೇರೆಯ ಮಾತು.

“ಅಪಾಯ ನನ್ನದೆ” ಎಂಬ ವಾಕ್ಯ ಉಳಿದಿದೆ. ತನ್ನ ಪ್ರಾಣವನ್ನು ಪಣವಿಡಲು ಮನುಷ್ಯನಿಗೆ ಅಧಿಕಾರವುಂಟೋ ಇಲ್ಲವೋ ಎಂಬ ವಾದ ಹಾಗಿರಲಿ. ಪಕ್ಕದಲ್ಲಿ ಮಲಗಿದವರ ಪ್ರಾಣವನ್ನು ಇಡಲು ಅಧಿಕಾರವಿಲ್ಲ. ಎಚ್ಚರವಿರುವವನು ಬೇಡವೆನ್ನಬಲ್ಲನು, ಎದ್ದು ಹೋಗಬಲ್ಲನು, ಜಗಳವಾಡಬಲ್ಲನು. ಮಲಗಿದವನು ಎಲ್ಲವನ್ನೂ ಇತರರ ಕೈಗೆ ಒಪ್ಪಿಸಿ ಮಲಗಿದ್ದಾನೆ. ಯುದ್ಧಧರ್ಮದಲ್ಲಿಯೂ ಸುಪ್ತನನ್ನು ಹೊಡೆಯಬಾರದೆಂಬ ನಿಯಮವಿರುವುದು ಇದಕ್ಕಾಗಿಯೆ. ಅಶ್ವತ್ಥಾಮನ ಹೆಸರಿಗೆ ಅಂಟಿದ ಕಳಂಕ ಸೌಪ್ತಿಕದ ಆ ಒಂದು ರಾತ್ರಿಯದು. ಆದರೆ ಮಹಾಭಾರತದಲ್ಲಿ ಮಲಗಿದವರ ನಡುವೆ ಬೆಂಕಿಯಿಟ್ಟ ಇನ್ನೊಂದು ರಾತ್ರಿಯುಂಟು. ಅದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ವಾರಣಾವತದ ಅರಗಿನ ಮನೆಯಲ್ಲಿ ಕುಂತಿ ಅನ್ನದಾನವನ್ನು ಏರ್ಪಡಿಸಿದಳು. ನಿಷಾದ ಸ್ತ್ರೀಯೊಬ್ಬಳು ತನ್ನ ಐವರು ಮಕ್ಕಳೊಡನೆ ಬಂದು, ಉಂಡು, ಕುಡಿದು ಮೈಮರೆತು ಅಲ್ಲಿಯೆ ಮಲಗಿದಳು. ಭೀಮನು ಬೆಂಕಿಯಿಟ್ಟನು. ಪಾಂಡವರು ಸುರಂಗದಿಂದ ಪಾರಾದರು. ಮರುದಿನ ಜನರು ಆರು ಹೆಣಗಳನ್ನು ಕಂಡು ಪಾಂಡವರೂ ಕುಂತಿಯೂ ಸತ್ತರೆಂದು ಅತ್ತರು. ಅವರಿಗೆ ಆ ಆರು ಮಂದಿ ಮಲಗಿದ್ದುದು ಗೊತ್ತಿರಲಿಲ್ಲವೆಂದು ಹೇಳಿ ಸಮಾಧಾನಪಟ್ಟುಕೊಳ್ಳುವವರುಂಟು. ಆದರೆ ಆರು ಜೀವಗಳನ್ನು ಇಲ್ಲಿಟ್ಟು ನಾವು ಯಾರಿಗೂ ಕಾಣದಂತೆ ಹೊರಡೋಣವೆಂಬ ಅರ್ಥದ ಮಾತು ಅದಕ್ಕೆ ಮುಂಚೆಯೆ ಯುಧಿಷ್ಠಿರನ ಬಾಯಲ್ಲಿ ಬರುತ್ತದೆ. ಆದಿಪರ್ವವನ್ನು ಪಾಠ ಹೇಳುವಾಗ ಈ ಭಾಗ ಬಂದರೆ ನಾನು ಬೇಗ ಮುಂದಕ್ಕೆ ಹೋಗುತ್ತಿರಲಿಲ್ಲ. ಪಾಂಡವರಿಗೆ ಪ್ರಾಣಭಯವಿತ್ತು, ಶತ್ರು ಬಾಗಿಲಲ್ಲಿದ್ದನು, ಆಪದ್ಧರ್ಮವೆನ್ನಬಹುದು. ಅಷ್ಟಾಗಿಯೂ ಆ ನಿಷಾದಿಯ ಲೆಕ್ಕವನ್ನು ಯಾರೂ ತೀರಿಸಿದಂತೆ ಕಾಣುವುದಿಲ್ಲ. ಬೆಚ್ಚಗೆ ಮಲಗುವ ಆಸೆಗೆ ಆಪದ್ಧರ್ಮದ ಆಶ್ರಯವೂ ದೊರೆಯಲಾರದು.

ಶಿಷ್ಯನಿಗೆ ಬರೆದ ಉತ್ತರದಲ್ಲಿ ನಿಷಾದಿಯ ಕಥೆಯನ್ನು ಬರೆದು, ಅದರ ಜೊತೆಗೆ ನಮ್ಮೂರಿನ ಗ್ಯಾಸ್ ರಿಪೇರಿಯವನನ್ನು ಕೇಳಿ ತಿಳಿದ ಸಂಗತಿಗಳನ್ನೂ ಸೇರಿಸಿದೆನು. ಜ್ವಾಲೆ ನೀಲಿಯಾಗಿ ನಿಂತು ಲೋಹದ ತುದಿಯನ್ನು ಅಪ್ಪಿಕೊಳ್ಳಬೇಕು. ಹಳದಿಯಾಗಿ ತೂಗಾಡುತ್ತಿದ್ದರೆ ನಾಳದ ಬಾಯಲ್ಲಿ ಮಸಿಯೋ ತುಕ್ಕೋ ಕಟ್ಟಿದೆಯೆಂದು ತಿಳಿಯಬೇಕು. ಬಹುಕಾಲ ನಿಲ್ಲಿಸಿಟ್ಟ ಒಲೆಯ ನಾಳಗಳಲ್ಲಿ ಜೇಡ ಬಲೆ ಕಟ್ಟುವುದೂ ಉಂಟಂತೆ. ಶುಚಿ ಮಾಡಿದ ಮೇಲೂ ಬೆರಳು ತೆಗೆದೊಡನೆ ಆರಿದರೆ ಥರ್ಮೋಕಪಲ್ಲೆ ಸವೆದಿರಬೇಕು. ಅದರ ಬೆಲೆ ಹೆಚ್ಚಲ್ಲ, ಬಲ್ಲವನಿಂದ ಹೊಸದನ್ನು ಹಾಕಿಸಿದರೆ ಮುಗಿಯಿತು. ಒಳತಗಡನ್ನೂ ಪರೀಕ್ಷಿಸುವವರೆಗೆ ಒಲೆಯನ್ನು ಹೊತ್ತಿಸದೆ ಕಂಬಳಿ ಹೊದೆದು ಮಲಗಬೇಕು. ವಿಷವಾಯುವನ್ನು ಕಂಡು ಕೂಗುವ ಸಣ್ಣ ಯಂತ್ರವೊಂದನ್ನು ಮಲಗುವ ಎಡೆಯಲ್ಲಿಡಬೇಕು. ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ಅದು ಮಾಡುತ್ತದೆ.

ಇತ್ತೀಚಿನ ದಶಕಗಳ ಟ್ರೇಲರುಗಳಲ್ಲಿ ಪೈಲಟ್ಟೇ ಇಲ್ಲವಂತೆ. ಬೇಕಾದಾಗ ವಿದ್ಯುತ್ತಿನ ಕಿಡಿ ಹಾರಿ ದೊಡ್ಡ ಉರಿಯೇ ನೇರವಾಗಿ ಹೊತ್ತುತ್ತದೆ. ಕೆಲವು ಕ್ಷಣಗಳಲ್ಲಿ ಜ್ವಾಲೆ ಕಾಣಿಸದಿದ್ದರೆ ಕವಾಟ ಮುಚ್ಚಿಕೊಳ್ಳುತ್ತದೆ. ನಮ್ಮ ಗೀಸರುಗಳಲ್ಲಿಯೂ ಈಗ ಬ್ಯಾಟರಿಯ ಕಿಡಿಯೆ ಹೆಚ್ಚು. ಹಗಲಿರುಳು ಸುಮ್ಮನೆ ಉರಿಯುತ್ತಿದ್ದ ಅನಿಲ ಉಳಿಯಿತೆಂಬುದು ಲಾಭವೆ. ಆದರೆ ಗಾರ್ಹಪತ್ಯವಿಲ್ಲದೆ ಪ್ರತಿಸಾರಿಯೂ ಅರಣಿಯಿಂದಲೆ ಆಹವನೀಯವನ್ನು ಹುಟ್ಟಿಸುವ ಮನೆಯಲ್ಲಿ, ಬೆರಳಿನಿಂದ ಒತ್ತಿಹಿಡಿದು ಒಂದು ನಿಮಿಷ ಕಾಯುವವನೂ ಇಲ್ಲದಿರುವಾಗ, ಬೆಂಕಿಯನ್ನು ಹೊತ್ತಿಸಿದವರು ಯಾರೆಂದು ಹೇಳಬೇಕು? ಮನೆಯ ಯಜಮಾನನೆ, ಯಂತ್ರವನ್ನು ಮಾಡಿದವನೆ, ಮಾರಿದವನೆ? ನ್ಯಾಯಾಲಯಗಳಿಗೂ ಇದು ತೊಡಕಿನ ಪ್ರಶ್ನೆಯಾದುದರಿಂದ, ಕರ್ತೃತ್ವದ ವಿಚಾರವಾಗಿ ಮೀಮಾಂಸಕರು ಹೇಳಿರುವುದನ್ನು ಇನ್ನೊಮ್ಮೆ ಓದಿ ನೋಡಿ ಮುಂದಿನ ಯಾವುದಾದರೂ ಸಂಚಿಕೆಯಲ್ಲಿ ಬರೆಯುವೆನು.